ಜರಡಿ, ಜಾಲ ಮತ್ತು ವಂಶ: ಉಷ್ಣವಲಯದ ಜೇಡಗಳ ವರ್ಗೀಕರಣ ಕುರಿತ ಒಂದು ವಿಮರ್ಶೆ

ಜೀವಿಗಳ ವರ್ಗೀಕರಣಕ್ಕೆ ಎರಡು ಹೊಣೆಗಳಿವೆ. ಕಣ್ಣೆದುರಿನ ಜೀವಿಯನ್ನು ಗುರುತಿಸಲು ನೆರವಾಗುವುದು ಒಂದು. ಅದರ ವಂಶದ ಇತಿಹಾಸವನ್ನು ನಿರೂಪಿಸುವುದು ಇನ್ನೊಂದು. ಈ ಎರಡನ್ನೂ ಒಂದೆಂದು ಭಾವಿಸಿದಾಗ ಉಂಟಾಗುವ ಗೊಂದಲಕ್ಕೆ ಜೇಡಗಳ ಅಧ್ಯಯನವೇ ಉತ್ತಮ ನಿದರ್ಶನ.

ಫ್ರಾನ್ಸಿನ ಯೂಜೀನ್ ಸೀಮೊನ್ 1892ರಿಂದ 1903ರವರೆಗೆ ಪ್ರಕಟಿಸಿದ ಬೃಹತ್ ಕೃತಿಯಲ್ಲಿ ಕ್ರಿಬೆಲ್ಲಮ್ ಎಂಬ ಅಂಗಕ್ಕೆ ಪ್ರಧಾನ ಸ್ಥಾನ ದೊರೆಯಿತು. ಇದು ನೂಲುವ ಅಂಗಗಳ ಮುಂದಿರುವ, ಜರಡಿಯಂತಹ ಫಲಕ. ಅದರಿಂದ ಹೊರಡುವ ಅತಿ ಸೂಕ್ಷ್ಮ ಎಳೆಗಳನ್ನು ಜೇಡವು ನಾಲ್ಕನೆಯ ಕಾಲಿನ ರೋಮಸಾಲಿನಿಂದ ಬಾಚಿ, ಉಣ್ಣೆಯಂತಹ ಒಣನೂಲನ್ನು ಸಿದ್ಧಪಡಿಸುತ್ತದೆ. ಈ ಫಲಕವುಳ್ಳವು, ಇಲ್ಲದವು ಎಂದು ಸೀಮೊನ್ ಜೇಡಗಳನ್ನು ವಿಭಜಿಸಿದನು. ಗುರುತಿಸುವಿಕೆಗೆ ಇದು ಉಪಯುಕ್ತ, ವಂಶಸೂಚಕವಾಗಿ ದುರ್ಬಲ. ಮನೆಯ ಗೋಡೆಗಳಲ್ಲಿ ವಾಸಿಸುವ ಈಕೋಬಿಯಸ್ ಕುಲಕ್ಕೆ ಈ ಫಲಕವಿದೆ. 1900ರಲ್ಲಿ ಪೊಕಾಕ್ ಹೆಸರಿಸಿದ ಯುರೊಕ್ಟಿಯಾ ಇಂಡಿಕಾ ಪ್ರಭೇದಕ್ಕಿಲ್ಲ. ಸೀಮೊನ್‌ನ ವಿಭಜನೆಯಲ್ಲಿ ದೂರವಾದ ಈ ಎರಡು ಕುಲಗಳೂ ಅನಂತರ ಒಂದೇ ಕುಟುಂಬವನ್ನು ಸೇರಿದವು. ಫಲಕವು ಬೇರೆ ಬೇರೆ ಶಾಖೆಗಳಲ್ಲಿ ಮತ್ತೆ ಮತ್ತೆ ಲುಪ್ತವಾಗಿದೆಯೆಂಬ ವಾದವನ್ನು ಫಿನ್ಲೆಂಡಿನ ಲೆಹ್ಟಿನೆನ್ 1967ರಲ್ಲಿ ವಿಸ್ತಾರವಾಗಿ ಮಂಡಿಸಿದನು.

ಚಕ್ರಾಕಾರದ ಬಲೆಯ ಪ್ರಶ್ನೆ ಇನ್ನೂ ಜಟಿಲವಾದುದು. ಯುಲೋಬೊರಸ್ ಒಣನೂಲಿನಿಂದಲೂ ಆರ್ಜಿಯೋಪಿ ಅಂಟುಹನಿಗಳ ನೂಲಿನಿಂದಲೂ ಇಂತಹ ಬಲೆ ನೇಯುತ್ತವೆ. ನೇಯ್ಗೆಯ ಕ್ರಮದಲ್ಲಿನ ಸಾಮ್ಯದಿಂದ ಇವು ಏಕಮೂಲದ ಸಮೀಪಬಂಧುಗಳೆಂಬ ಅಭಿಪ್ರಾಯ 1980ರ ದಶಕದಲ್ಲಿ ಬಲಗೊಂಡಿತ್ತು. 2014ರ ಎರಡು ಜೀನ್ ಆಧಾರಿತ ಅಧ್ಯಯನಗಳು ಇದನ್ನು ಅಲುಗಿಸಿದವು: ಯುಲೋಬೊರಸ್‌ನ ಗುಂಪು ಅಂಟುನೂಲಿನ ನೇಕಾರರಿಗಿಂತ, ತೋಳಜೇಡ ಹಾಗೂ ಜಿಗಿಜೇಡಗಳನ್ನೊಳಗೊಂಡ ಶಾಖೆಗೆ ಹತ್ತಿರವೆಂದು ಅವು ತೋರಿಸಿದವು. ಹಾಗಾದರೆ ಚಕ್ರಬಲೆ ಎರಡು ಬಾರಿ ಹುಟ್ಟಿರಬೇಕು. ಇಲ್ಲವೇ ಅತಿ ಪ್ರಾಚೀನವಾಗಿ ಒಮ್ಮೆ ಹುಟ್ಟಿ, ಅನೇಕ ಶಾಖೆಗಳಲ್ಲಿ ನಷ್ಟವಾಗಿರಬೇಕು. ಈ ಆಯ್ಕೆಯನ್ನು ವಂಶವೃಕ್ಷವೊಂದೇ ನಿರ್ಧರಿಸಲಾರದು. ನೇಯ್ಗೆಯ ಹೆಜ್ಜೆಗಳ ಹಾಗೂ ರೇಷ್ಮೆಗ್ರಂಥಿಗಳ ತೌಲನಿಕ ಅಧ್ಯಯನವೂ ಅಗತ್ಯ. ಆದ್ದರಿಂದ ಜೀನ್‌ಗಳ ಸಾಕ್ಷ್ಯ ಬಂದೊಡನೆ ವರ್ತನೆಯ ಸಾಕ್ಷ್ಯ ಅಪ್ರಸ್ತುತವಾಯಿತೆಂಬ ನಿಲುವು ಅವಸರದ್ದು.

ಜಗತ್ತಿನಲ್ಲಿ ಹೆಸರಿಸಲ್ಪಟ್ಟ ಜೇಡ ಪ್ರಭೇದಗಳ ಸಂಖ್ಯೆ 2022ರಲ್ಲಿ 50,000ವನ್ನು ದಾಟಿತು. ವಂಶವೃಕ್ಷಗಳು ಆಧರಿಸುವುದು ಇವುಗಳಲ್ಲಿ ಅಲ್ಪಾಂಶವನ್ನು ಮಾತ್ರ. ಈ ಹಿನ್ನೆಲೆಯಲ್ಲಿ ಪ್ರಾದೇಶಿಕ ಜೇಡಪಟ್ಟಿಗಳ ಪಾತ್ರ ಹಿರಿದು. ಆದರೆ ಕೇವಲ ಹೆಸರುಗಳ ಪಟ್ಟಿ ಮುಂದಿನ ಸಂಶೋಧಕನಿಗೆ ಸಾಲದು. ಗಂಡು ಹೆಣ್ಣು ಎರಡರ ಮಾದರಿಗಳು, ಜೀನ್ ಪರೀಕ್ಷೆಗೆ ಒದಗುವಂತಹ ಸಂರಕ್ಷಣೆ, ಬಲೆಯ ಚಿತ್ರ ಮತ್ತು ನೇಯ್ಗೆಯ ವಿವರ ಜೊತೆಗಿದ್ದರೆ ಮಾತ್ರ ಪಟ್ಟಿಯು ಇತಿಹಾಸಕ್ಕೆ ಆಕರವಾಗುತ್ತದೆ. ಸೀಮೊನ್‌ನ ವಿಭಜನೆ ಬಿದ್ದುಹೋದರೂ ಅವನ ವರ್ಣನೆಗಳು ಉಳಿದಿವೆ; ಅವನನ್ನು ತಿದ್ದಿದವರೂ ಆ ವರ್ಣನೆಗಳನ್ನು ಆಶ್ರಯಿಸಬೇಕಾಯಿತು. ಸಿದ್ಧಾಂತ ಬದಲಾದ ಮೇಲೂ ಬಳಕೆಗೆ ಬರುವಂತೆ ದಾಖಲಿಸುವುದೇ ವರ್ಗೀಕರಣಕಾರನ ಮೊದಲ ಕರ್ತವ್ಯ.