ಕೊಟ್ಟಿತೋ, ಕೊಟ್ಟರೋ?

‘2012ರ ಅಕ್ಟೋಬರಿನಲ್ಲಿ ಒಕ್ಲಹೋಮ ಸಿಟಿ ಜೇಮ್ಸ್ ಹಾರ್ಡನ್‌ನನ್ನು ಹ್ಯೂಸ್ಟನ್‌ಗೆ ಬಿಟ್ಟುಕೊಟ್ಟಿತು.’

ಈ ವಾಕ್ಯದಲ್ಲಿ ವ್ಯಾಕರಣದ ದೋಷವೇನಿಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಬಗ್ಗೆ ಬರೆಯುವವರೆಲ್ಲ ಹೆಚ್ಚುಕಡಿಮೆ ಹೀಗೇ ಬರೆಯುತ್ತಾರೆ. ಆದರೆ ಇದನ್ನು ಕನ್ನಡದಲ್ಲಿ ಬರೆಯುವಾಗ ಕೊನೆಯ ಆ ‘ಕೊಟ್ಟಿತು’ ನನ್ನ ಕೈ ತಡೆಯುತ್ತದೆ. ಊರು ಕೊಟ್ಟಿತೇ? ಊರನ್ನು ಯಾರಾದರೂ ಕೇಳಿದ್ದರೇ? ಅದನ್ನೇ ‘ಕೊಟ್ಟರು’ ಎಂದು ಬದಲಿಸಿ ನೋಡಿ. ಕೂಡಲೇ ‘ಯಾರು?’ ಎಂಬ ಪ್ರಶ್ನೆ ಏಳುತ್ತದೆ. ಸಣ್ಣ ಊರಿನ ತಂಡಗಳು ಸಂಬಳದ ಹೊರೆ ತಾಳಲಾರದೆ ಆಟಗಾರರನ್ನು ಸಾಗಹಾಕುವ ಕಥೆಗಳಲ್ಲಿ ಈ ಪ್ರಶ್ನೆ ಏಳದಂತೆ ನೋಡಿಕೊಳ್ಳುವುದೇ ನಿರೂಪಣೆಯ ಮುಖ್ಯ ಕೆಲಸವಾಗಿಬಿಟ್ಟಿದೆ ಎಂಬುದು ನನ್ನ ತಕರಾರು.

ಹಾರ್ಡನ್ ಪ್ರಸಂಗ ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳುತ್ತೇನೆ. 2012ರ ಬೇಸಿಗೆಯಲ್ಲಿ ಒಕ್ಲಹೋಮದ ‘ಥಂಡರ್’ ತಂಡ ಫೈನಲ್ ತಲುಪಿ ಮಯಾಮಿಗೆ ಸೋತಿತ್ತು. ಡ್ಯುರಾಂಟ್, ವೆಸ್ಟ್‌ಬ್ರೂಕ್, ಹಾರ್ಡನ್ ಮೂವರೂ ಇಪ್ಪತ್ಮೂರರ ಆಸುಪಾಸಿನವರು. ಮೂವರನ್ನೂ ತಂಡವೇ ಆರಿಸಿ ಬೆಳೆಸಿತ್ತು. ಹಾರ್ಡನ್‌ಗೆ ನಾಲ್ಕು ವರ್ಷಕ್ಕೆ ಸುಮಾರು 5.5 ಕೋಟಿ ಡಾಲರ್ ಕೊಡುತ್ತೇವೆಂದರು ಎಂದು ಆಗ ವರದಿಯಾಯಿತು. ನಿಯಮದ ಪ್ರಕಾರ ಅವನಿಗೆ ಸಿಗಬಹುದಾಗಿದ್ದದ್ದು ಸುಮಾರು 6 ಕೋಟಿ. ಅವನು ಒಪ್ಪಲಿಲ್ಲ. ಅಕ್ಟೋಬರ್ 27ರಂದು, ಹೊಸ ಋತು ಶುರುವಾಗಲು ಕೆಲವೇ ದಿನಗಳಿದ್ದಾಗ, ಅವನನ್ನು ಹ್ಯೂಸ್ಟನ್‌ಗೆ ಕಳಿಸಿದರು. ಆಮೇಲೆ ಆ ಮೂವರೂ ಒಬ್ಬೊಬ್ಬರಾಗಿ ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದರು: ಡ್ಯುರಾಂಟ್ 2014ರಲ್ಲಿ, ವೆಸ್ಟ್‌ಬ್ರೂಕ್ 2017ರಲ್ಲಿ, ಹಾರ್ಡನ್ 2018ರಲ್ಲಿ. ಮೂವರೂ ಒಟ್ಟಿಗೆ ಇನ್ನೊಂದು ಫೈನಲ್ ಆಡಲೇ ಇಲ್ಲ.

ಇದಕ್ಕೆ ಕೊಟ್ಟ ಕಾರಣ ‘ಲಕ್ಷುರಿ ಟ್ಯಾಕ್ಸ್’. ತಂಡದ ಒಟ್ಟು ಸಂಬಳ ಒಂದು ಗೆರೆ ದಾಟಿದರೆ ಮಾಲೀಕರು ಲೀಗ್‌ಗೆ ದಂಡ ಕಟ್ಟಬೇಕು. 2011ರಲ್ಲಿ ಮಾಲೀಕರು ಲೀಗಿಗೇ ಬೀಗ ಹಾಕಿ, ತಿಂಗಳುಗಟ್ಟಲೆ ಆಟ ನಿಲ್ಲಿಸಿ ಮಾಡಿಸಿಕೊಂಡ ಒಪ್ಪಂದದಲ್ಲಿ ಈ ದಂಡ ಇನ್ನಷ್ಟು ಕಠಿಣವಾಯಿತು. ಅಂದರೆ ದಂಡವನ್ನು ಕೇಳಿ ಹಾಕಿಸಿಕೊಂಡವರೂ ಮಾಲೀಕರೇ, ಆ ದಂಡಕ್ಕೆ ಹೆದರಿದವರೂ ಅವರೇ. ಕಥೆಯಲ್ಲಿ ಮಾತ್ರ ಅದು ಮಳೆ ಬಾರದ ಹಾಗೆ, ಯಾರ ಕೈಯಲ್ಲೂ ಇಲ್ಲದ ಸಂಗತಿಯಾಗಿ ಬರುತ್ತದೆ.

ಸಣ್ಣ ಊರಿನ ಕಷ್ಟ ಸುಳ್ಳಲ್ಲ. ಲಾಸ್ ಏಂಜಲೀಸ್ ತಂಡಕ್ಕೆ ಸ್ಥಳೀಯ ಟಿವಿ ಒಪ್ಪಂದದಿಂದ ಬರುವ ಹಣ ಒಕ್ಲಹೋಮಕ್ಕೆ ಎಂದೂ ಬರುವುದಿಲ್ಲ. ಆದರೆ ಊರಿಗೂ ಮಾಲೀಕರಿಗೂ ನಡುವಿನ ವ್ಯತ್ಯಾಸ ಈ ಕಷ್ಟದ ವರ್ಣನೆಯಲ್ಲಿ ಅಳಿಸಿಹೋಗುತ್ತದೆ. ಸಿಯಾಟಲ್‌ನಲ್ಲಿ ನಾಲ್ಕು ದಶಕ ಆಡಿದ ತಂಡವನ್ನು ಕ್ಲೇ ಬೆನೆಟ್ ನೇತೃತ್ವದ ಗುಂಪು 2006ರಲ್ಲಿ 35 ಕೋಟಿ ಡಾಲರಿಗೆ ಕೊಂಡು, 2008ರಲ್ಲಿ ಒಕ್ಲಹೋಮಕ್ಕೆ ಎತ್ತಿಕೊಂಡು ಬಂತು. ಅದೇ ವರ್ಷ ಆ ಊರಿನ ಜನ ಕ್ರೀಡಾಂಗಣ ದುರಸ್ತಿಗೆಂದು ತಮ್ಮ ಮೇಲೆ ತಾವೇ ಡಾಲರಿಗೆ ಒಂದು ಸೆಂಟ್ ಮಾರಾಟ ತೆರಿಗೆ ಹಾಕಿಕೊಂಡರು. 2023ರ ಡಿಸೆಂಬರಿನಲ್ಲಿ ಮತ್ತೆ ಮತ ಹಾಕಿದರು. ಈ ಸಲ ಕನಿಷ್ಠ 90 ಕೋಟಿ ಡಾಲರಿನ ಹೊಸ ಕ್ರೀಡಾಂಗಣಕ್ಕೆ. ಅದರಲ್ಲಿ ಮಾಲೀಕರ ಪಾಲು 5 ಕೋಟಿ. ಹಾಲು, ಚಪ್ಪಲಿ, ಪೆನ್ಸಿಲ್ ಕೊಳ್ಳುವಾಗ ತೆರಿಗೆ ಕಟ್ಟಲು ಒಪ್ಪಿದ್ದು ಊರು. ಗೆರೆ ದಾಟಿದ ತೆರಿಗೆ ಕಟ್ಟಲು ಹಿಂಜರಿದದ್ದು ಇನ್ನೊಬ್ಬರು. ಎರಡಕ್ಕೂ ಒಂದೇ ಕರ್ತೃಪದ ಬಳಸಿದರೆ ಹೇಗೆ?

ನಮ್ಮ ಹಾಸ್ಟೆಲಿನಲ್ಲಿ ಬೆಳಗಿನ ಜಾವ ಎದ್ದು ಎನ್‌ಬಿಎ ನೋಡುವ ನಾಲ್ಕೈದು ಮಂದಿ ಇದ್ದೇವೆ. ಅವರಲ್ಲೊಬ್ಬ, ಫೆಲೋಶಿಪ್ ಬಾರದೆ ಮೂರು ತಿಂಗಳ ಮೆಸ್ ಬಿಲ್ ಬಾಕಿ ಉಳಿಸಿಕೊಂಡವನು, ಹಾರ್ಡನ್‌ನನ್ನು ಕಳಿಸಿದ್ದು ‘ಫೈನಾನ್ಶಿಯಲಿ ಕರೆಕ್ಟ್’ ಎಂದು ಒಂದು ಗಂಟೆ ವಾದಿಸಿದ. ಕೂಲಿ ಮಾಡುವವನಿಗೂ ಧಣಿಯ ಲೆಕ್ಕಪುಸ್ತಕವೇ ಬಾಯಿಗೆ ಬರುವಂತೆ ಮಾಡುವ ಶಕ್ತಿ ಈ ಕಥನಕ್ಕಿದೆ. ಅದಕ್ಕೇ ಇದು ಬರೀ ಆಟದ ವಿಷಯ ಎಂದು ನನಗನ್ನಿಸುವುದಿಲ್ಲ.

ಈ ಕಥನಕ್ಕೆ ಇಂದಿನ ರೂಪ ಕೊಟ್ಟ ಪುಸ್ತಕ ಬಾಸ್ಕೆಟ್‌ಬಾಲಿನದಲ್ಲ, ಬೇಸ್‌ಬಾಲಿನದು. ಮೈಕಲ್ ಲೂಯಿಸ್ ಅವರ ‘ಮನಿಬಾಲ್’ (2003) ಬಡ ತಂಡವೊಂದರ ಮ್ಯಾನೇಜರ್ ಬಿಲ್ಲಿ ಬೀನ್‌ನನ್ನು ನಾಯಕನನ್ನಾಗಿಸಿತು. ಓದಲು ಸೊಗಸಾದ ಪುಸ್ತಕ. ಲೂಯಿಸ್‌ಗೆ ಕಥೆ ಹೇಳಲು ಬರುತ್ತದೆ. ಆದರೆ ಅವರ ಕುರ್ಚಿ ಹೆಚ್ಚಾಗಿ ಬೀನ್‌ನ ಕೋಣೆಯಲ್ಲೇ ಇರುತ್ತದೆ, ಫೋನಿನ ಈ ತುದಿಯಲ್ಲಿ. ಮೈಕ್ ಮ್ಯಾಗ್ನಾಂಟಿ ಎಂಬ ಬೌಲರ್ ಒಬ್ಬ ಬರುತ್ತಾನೆ. (ಬೇಸ್‌ಬಾಲಿನವರು ಪಿಚರ್ ಎನ್ನುತ್ತಾರೆ, ನಮಗೆ ಬೌಲರ್ ಸಾಕು.) ಪೂರ್ಣ ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆಗೆ ಇನ್ನು ಕೆಲವೇ ದಿನ ಬಾಕಿ. ಹೊಸಬನಿಗೆ ಜಾಗ ಮಾಡಲು ಅವನನ್ನು ತೆಗೆಯುತ್ತಾರೆ. ಪುಸ್ತಕ ಇದನ್ನು ಮುಚ್ಚಿಡುವುದಿಲ್ಲ, ಅಷ್ಟರಮಟ್ಟಿಗೆ ಪ್ರಾಮಾಣಿಕವಾಗಿದೆ. ಆದರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ, ಮುಂದಿನ ಫೋನ್ ಕರೆ ಕಾದಿದೆ. ಪಿಂಚಣಿ ತಪ್ಪಿದ ಒಬ್ಬ ಗುಮಾಸ್ತನ ಸುತ್ತ ಇಡೀ ಕಾದಂಬರಿ ಕಟ್ಟಬಲ್ಲ ಸಾಹಿತ್ಯ ಓದಿ ಬೆಳೆದ ನಮಗೆ ಈ ಅವಸರ ಕಣ್ಣಿಗೆ ಹೊಡೆಯಬೇಕು.

ಇದಕ್ಕೆ ಎದುರಾಗಿ ಇಡಬಹುದಾದ, ನಮ್ಮಲ್ಲಿ ಅಷ್ಟಾಗಿ ಯಾರೂ ಮಾತಾಡದ ಪುಸ್ತಕ ಡೇವಿಡ್ ಹಾಲ್ಬರ್‌ಸ್ಟಾಮ್ ಅವರ ‘ದಿ ಬ್ರೇಕ್ಸ್ ಆಫ್ ದಿ ಗೇಮ್’ (1981). ವಿಯೆಟ್ನಾಂ ಯುದ್ಧ ವರದಿ ಮಾಡಿ ಹೆಸರಾದ ಪತ್ರಕರ್ತ, 1979-80ರ ಇಡೀ ಋತುವನ್ನು ಪೋರ್ಟ್‌ಲೆಂಡ್ ಎಂಬ ಸಣ್ಣ ಊರಿನ ತಂಡದ ಜೊತೆ ಕಳೆದರು. 1977ರಲ್ಲಿ ಚಾಂಪಿಯನ್ ಆಗಿದ್ದ ತಂಡ ಅದು. ಮೂರೇ ವರ್ಷದಲ್ಲಿ ಕಳಚಿಬೀಳುತ್ತಿತ್ತು. ತಾರೆ ಬಿಲ್ ವಾಲ್ಟನ್ ಆಗಲೇ ಸ್ಯಾನ್ ಡಿಯಾಗೋ ಸೇರಿದ್ದ. ಮಾರಿಸ್ ಲೂಕಸ್ ಇನ್ನೂ ಇದ್ದ, ಆದರೆ ತನ್ನ ಒಪ್ಪಂದದ ಬಗ್ಗೆ ಕುದಿಯುತ್ತಿದ್ದ. ತನಗಿಂತ ಕಡಿಮೆ ಆಟದವರಿಗೆ ತನಗಿಂತ ಹೆಚ್ಚು ಸಂಬಳ ಎಂಬುದು ಅವನ ಕೊರಗು.

ಇದೇ ವಸ್ತುವನ್ನು ಇವತ್ತಿನವರು ಎರಡು ಪ್ಯಾರಾದಲ್ಲಿ ಮುಗಿಸುತ್ತಾರೆ: ‘ಅತೃಪ್ತ ಆಟಗಾರ, ಕುಸಿಯುತ್ತಿರುವ ಮೌಲ್ಯ.’ ಹಾಲ್ಬರ್‌ಸ್ಟಾಮ್ ಲೂಕಸ್‌ನ ಅತೃಪ್ತಿಯನ್ನು ಬಿಡಿಸುತ್ತಾ ಹೋಗುತ್ತಾರೆ. ಸಂಬಳ ಅವನಿಗೆ ದುಡ್ಡಷ್ಟೇ ಅಲ್ಲ, ಮಾಲೀಕ ತನ್ನನ್ನು ಎಷ್ಟು ಮನುಷ್ಯನೆಂದು ಎಣಿಸಿದ್ದಾನೆ ಎಂಬುದರ ಅಳತೆ. ಅದೂ ಬಿಳಿಯರು ಮಾಲೀಕರಾಗಿ ಕರಿಯರು ಆಡುವ ಆಟದಲ್ಲಿ. ಮಾಲೀಕ ಲ್ಯಾರಿ ವೈನ್‌ಬರ್ಗ್‌ಗೆ ಒಪ್ಪಂದ ಎಂದರೆ ಒಪ್ಪಂದ, ಕೊಟ್ಟ ಮಾತು. ಅವರನ್ನೂ ಲೇಖಕರು ಖಳನನ್ನಾಗಿ ಮಾಡುವುದಿಲ್ಲ. ಇಬ್ಬರಿಗೂ ಹೆಸರಿದೆ, ಇಬ್ಬರಿಗೂ ಕಾರಣವಿದೆ. ಹಾಗಾಗಿ 1980ರ ಫೆಬ್ರವರಿಯಲ್ಲಿ ಲೂಕಸ್‌ನನ್ನು ನ್ಯೂಜೆರ್ಸಿಗೆ ಕಳಿಸಿ ಕ್ಯಾಲ್ವಿನ್ ನ್ಯಾಟ್‌ನನ್ನು ತಂದಾಗ ಓದುಗನಿಗೆ ‘ಯಾರು ಗೆದ್ದರು’ ಎಂದು ಕೇಳಲು ತೋಚುವುದಿಲ್ಲ. ಒಂದು ಕೂಡುಕುಟುಂಬ ಪಾಲಾದ ಹಾಗೆ ಅನ್ನಿಸುತ್ತದೆ. ಪುಸ್ತಕ ಕೆಲವೆಡೆ ಎಳೆದಂತಾಗುತ್ತದೆ, ಒಬ್ಬರ ಚರಿತ್ರೆಯಿಂದ ಇನ್ನೊಬ್ಬರದಕ್ಕೆ ಹಾರಿ ಋತುವನ್ನೇ ಮರೆಯುತ್ತದೆ. ಆದರೆ ನಿಲ್ಲಲು ಸಮಯವಿರುವುದೇ ಅದರ ನೀತಿ.

ಒಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಲೆಕ್ಕಾಚಾರದ ದಾರಿ ಫಲ ಕೊಡಲಿಲ್ಲವೇ? ಒಕ್ಲಹೋಮ 2025ರ ಜೂನ್‌ನಲ್ಲಿ ಚಾಂಪಿಯನ್ ಆಯಿತಲ್ಲ, ಅದೂ 2019ರಲ್ಲಿ ಪಾಲ್ ಜಾರ್ಜ್‌ನನ್ನು ಕಳಿಸಿ ಪಡೆದ ಶೇ ಗಿಲ್ಜಸ್-ಅಲೆಕ್ಸಾಂಡರ್‌ನ ಬಲದಿಂದ? ಆಯಿತು, ಆ ಆಟ ಚೆನ್ನಾಗಿಯೂ ಇತ್ತು. ಆದರೆ ಪಾಲ್ ಜಾರ್ಜ್ ತಾನೇ ಹೊರಟು ನಿಂತಿದ್ದ. 2012ರ ಕಥೆ ಅದಲ್ಲ. ಹದಿಮೂರು ವರ್ಷದ ಮೇಲೆ ಬಂದ ಕಪ್ಪನ್ನು ಹಿಂದಕ್ಕೆ ಎಳೆದು ತಂದು ಹಾರ್ಡನ್ ಪ್ರಸಂಗಕ್ಕೆ ಸಮರ್ಥನೆ ಮಾಡುವುದು ಕಥನದ ಹಳೆಯ ಚಾಳಿ. ಸಾಲ ತೀರಿದ ಮನೆಯಲ್ಲಿ ಮಾರಿದ ಹಸುವಿನ ಮಾತು ಯಾರೂ ಎತ್ತುವುದಿಲ್ಲ.

ಹಾಲ್ಬರ್‌ಸ್ಟಾಮ್ ತರಹದವರು ಇದ್ದಿದ್ದರೆ ಎಂದು ನನಗೆ ಹೆಚ್ಚು ಅನ್ನಿಸುವುದು ಇನ್ನೊಂದು ಪ್ರಸಂಗದಲ್ಲಿ. 2008ರ ಫೆಬ್ರವರಿಯಲ್ಲಿ ಮೆಂಫಿಸ್ ಎಂಬ ಸಣ್ಣ ಊರಿನ ತಂಡದವರು ತಮ್ಮ ತಾರೆ ಪೌ ಗಸೋಲ್‌ನನ್ನು ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಟ್ಟರು. ಬದಲಿಗೆ ಬಂದವರಲ್ಲಿ ಕ್ವಾಮೆ ಬ್ರೌನ್‌ನ ಮುಖ್ಯ ಗುಣ ಅವನ ಒಪ್ಪಂದ ಆ ವರ್ಷವೇ ಮುಗಿಯುತ್ತದೆ ಎಂಬುದು. ಎರಡೂ ಕಡೆಯ ಸಂಬಳ ತಾಳೆಯಾಗಲು ಇನ್ನೂ ಸ್ವಲ್ಪ ಕಡಿಮೆ ಬೀಳುತ್ತಿತ್ತು. ಆಗ ಆಟ ನಿಲ್ಲಿಸಿ, ಫಿಲಡೆಲ್ಫಿಯಾ ತಂಡದಲ್ಲಿ ಸಂಬಳವಿಲ್ಲದ ಸಹಾಯಕ ಕೋಚ್ ಆಗಿದ್ದ ಆರನ್ ಮೆಕೀ ಎಂಬವನನ್ನು ಲೇಕರ್ಸ್‌ನವರು ಆಟಗಾರನೆಂದು ಸಹಿ ಹಾಕಿಸಿ, ತಕ್ಕಡಿಯ ಆ ಬಟ್ಟಲಿಗೆ ಹಾಕಿ ಮೆಂಫಿಸ್‌ಗೆ ದಾಟಿಸಿದರು. ಅವನು ಅಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಪೌನ ತಮ್ಮ ಮಾರ್ಕ್ ಗಸೋಲ್‌ನ ಹಕ್ಕೂ ಆ ಮೂಟೆಯಲ್ಲೇ ಇತ್ತು, ಅವನು ಮುಂದೆ ದೊಡ್ಡ ಆಟಗಾರನಾದ. ಹೀಗಾಗಿ ಈ ವ್ಯಾಪಾರದಲ್ಲಿ ಯಾರಿಗೆ ಲಾಭವಾಯಿತೆಂಬ ಚರ್ಚೆ ಇಂದಿಗೂ ನಿಂತಿಲ್ಲ. ಆ ಚರ್ಚೆಯಲ್ಲಿ ಮೆಕೀ ಒಂದು ತಮಾಷೆಯ ಅಡಿಟಿಪ್ಪಣಿ.

ಅವನಿಗೆ ಫೋನ್ ಮಾಡಿದವರು ಯಾರು, ಏನೆಂದು ಕರೆದರು, ಆ ಸಹಿ ಹಾಕುವಾಗ ಅವನು ನಕ್ಕನೇ? ಹಾಲ್ಬರ್‌ಸ್ಟಾಮ್ ಮೊದಲು ಕೇಳುತ್ತಿದ್ದದ್ದು ಅದನ್ನೇ ಇರಬೇಕು. ಅವರು ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು.