ಮಿತವ್ಯಯವೂ ಪರಿಮಾಣವ್ರತವೂ: ಶರದೃತುವಿನ ಮನೆಲೆಕ್ಕದ ಒಂದು ವಿಮರ್ಶೆ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವವನ್ನು ಆಚರಿಸಿ, ಎಂಟನೆಯ ದಿನ ಉತ್ತಮ ತ್ಯಾಗವನ್ನೂ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯವನ್ನೂ ಕುರಿತ ಪ್ರವಚನಗಳನ್ನು ಕೇಳಿದ ಶ್ರಾವಕ ಕುಟುಂಬಗಳು ಸುಮಾರು ಹದಿನೈದು ದಿನಗಳಲ್ಲಿಯೇ ಶರದೃತುವನ್ನು ಪ್ರವೇಶಿಸುತ್ತವೆ. ಏಕಭುಕ್ತ, ಉಪವಾಸ, ರಸತ್ಯಾಗಗಳಿಂದ ಹಗುರವಾಗಿದ್ದ ಮನೆಯ ಖರ್ಚು ನವರಾತ್ರಿಯಿಂದ ದೀಪಾವಳಿಯವರೆಗೆ ಬಟ್ಟೆ, ಬಂಗಾರ, ಪಾತ್ರೆ, ವಾಹನ, ವಿದ್ಯುತ್ ಉಪಕರಣಗಳ ಭಾರದಿಂದ ಬಾಗುತ್ತದೆ. ಇದೇ ಕಾಲದಲ್ಲಿ ಮನೆಮನೆಗಳಲ್ಲಿ ಇನ್ನೊಂದು ಮಾತೂ ಕೇಳಿಬರುತ್ತದೆ: ಈ ವರ್ಷ ಖರ್ಚನ್ನು ಕಡಿಮೆ ಮಾಡಬೇಕು. ಈ ಸಂಕಲ್ಪ ಸ್ತುತ್ಯವಾದುದೇ. ಆದರೆ ಅದಕ್ಕೆ ಧರ್ಮದ ಹೆಸರನ್ನು ಕೊಡುವ ಮುನ್ನ ಪರೀಕ್ಷೆ ಅವಶ್ಯಕ. ಮಿತವ್ಯಯವು ಒಂದು ಲೌಕಿಕ ಜಾಣ್ಮೆ; ಭೋಗೋಪಭೋಗ ಪರಿಮಾಣವು ಒಂದು ವ್ರತ. ಎರಡೂ ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುವುದರಿಂದಲೇ ಒಂದರ ಜಾಗದಲ್ಲಿ ಇನ್ನೊಂದು ಬಂದು ಕುಳಿತರೂ ಯಾರಿಗೂ ತಿಳಿಯುವುದಿಲ್ಲ.

ಈ ಪರೀಕ್ಷೆಗೆ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರಕ್ಕಿಂತ ಯೋಗ್ಯವಾದ ಒರೆಗಲ್ಲು ಇಲ್ಲ. 150 ಶ್ಲೋಕಗಳ ಈ ಸಣ್ಣ ಗ್ರಂಥವನ್ನು ಕರ್ನಾಟಕದ ಅನೇಕ ಜೈನ ಮನೆಗಳಲ್ಲಿ ಸ್ವಾಧ್ಯಾಯಕ್ಕೆ ಬಳಸುತ್ತಾರೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಭೋಗದ ಪರಿಮಾಣವನ್ನು ಸಾಮಾಯಿಕ, ಪ್ರೋಷಧೋಪವಾಸಗಳ ಜೊತೆಯಲ್ಲಿ ಎಣಿಸಿದರೆ, ಸಮಂತಭದ್ರರು ಅದನ್ನು ದಿಗ್ವ್ರತ ಮತ್ತು ಅನರ್ಥದಂಡವ್ರತಗಳೊಡನೆ ಮೂರು ಗುಣವ್ರತಗಳಲ್ಲಿ ಸೇರಿಸಿದ್ದಾರೆ. ಇದು ಕೇವಲ ಕ್ರಮದ ಭೇದವೆಂದು ದಾಟಿಹೋಗುವಂತಿಲ್ಲ. ಗುಣವ್ರತವೆಂದರೆ ಅಣುವ್ರತಗಳಿಗೆ ಬಲವನ್ನು ತುಂಬುವ ವ್ರತ. ಮನೆಯ ದಿನನಿತ್ಯದ ಬಳಕೆಗೆ ಮಿತಿ ಇಲ್ಲದಿದ್ದರೆ ಅಹಿಂಸೆಯಾಗಲಿ ಅಪರಿಗ್ರಹವಾಗಲಿ ನಿಲ್ಲುವುದಿಲ್ಲವೆಂಬುದು ಈ ಜೋಡಣೆಯಿಂದಲೇ ಸ್ಪಷ್ಟವಾಗುತ್ತದೆ.

ಸಮಂತಭದ್ರರು ಮೊದಲು ಭೋಗ ಮತ್ತು ಉಪಭೋಗಗಳನ್ನು ಬೇರ್ಪಡಿಸುತ್ತಾರೆ. ಒಮ್ಮೆ ಅನುಭವಿಸಿದೊಡನೆ ತೀರಿಹೋಗುವ ಅನ್ನಾದಿಗಳು ಭೋಗ. ಮತ್ತೆ ಮತ್ತೆ ಬಳಸಬಹುದಾದ ವಸ್ತ್ರಾದಿಗಳು ಉಪಭೋಗ. ಲೆಕ್ಕಪತ್ರ ಬಲ್ಲವರಿಗೆ ಈ ಭೇದ ಅಪರಿಚಿತವಲ್ಲ. ವರ್ಷದಲ್ಲಿಯೇ ತೀರುವ ಖರ್ಚನ್ನು ಒಂದು ಕಡೆಗೂ, ವರ್ಷಗಟ್ಟಲೆ ಉಳಿಯುವ ಆಸ್ತಿಗೆ ಹಾಕಿದ ಹಣವನ್ನು ಇನ್ನೊಂದು ಕಡೆಗೂ ಬರೆಯುವುದು ವ್ಯಾಪಾರಿಯ ಮೊದಲ ಪಾಠ. ಮನೆಗಳಲ್ಲಿ ಖರ್ಚನ್ನು ಕಡಿತ ಮಾಡುವಾಗ ಸಾಮಾನ್ಯವಾಗಿ ಕೈ ಬೀಳುವುದು ಭೋಗದ ಮೇಲೆ: ಹಾಲು ಅರ್ಧ ಲೀಟರು ಕಡಿಮೆ, ತರಕಾರಿ ಒಂದು ಬಗೆ ಕಡಿಮೆ. ಹಬ್ಬದ ತಿಂಗಳಿನಲ್ಲಿ ದೊಡ್ಡ ಮೊತ್ತವು ಹರಿಯುವುದಾದರೋ ಉಪಭೋಗದ ದಾರಿಯಲ್ಲಿ. ಕಾಸನ್ನು ಕಾದು ಸಾವಿರವನ್ನು ಬಿಟ್ಟುಕೊಡುವ ಈ ಕ್ರಮಕ್ಕೆ ಮಿತವ್ಯಯವೆಂಬ ಹೆಸರೂ ಸಲ್ಲದು.

ಮುಂದೆ ಆಚಾರ್ಯರು ಹೇಳುವ ಮಾತು ಈ ವ್ರತದ ಪ್ರಾಣವೆನ್ನಬಹುದು. ಅನಿಷ್ಟವಾದುದನ್ನು ಬಿಡಬೇಕು, ಸೇವಿಸಲು ತಕ್ಕುದಲ್ಲದ್ದನ್ನೂ ಬಿಡಬೇಕು; ಆದರೆ ಯೋಗ್ಯವಾದ ವಿಷಯದಿಂದ ಬುದ್ಧಿಪೂರ್ವಕವಾಗಿ ಹಿಂದೆ ಸರಿಯುವುದೇ ವ್ರತವೆಂಬುದು ಅವರ ಅಭಿಪ್ರಾಯ. ಕೈಯಲ್ಲಿ ಹಣವಿಲ್ಲದೆ ಕೊಳ್ಳದಿರುವುದು ವ್ರತವಾಗದು. ಬೆಲೆ ಏರಿತೆಂದು ಈರುಳ್ಳಿಯನ್ನು ಬಿಟ್ಟವನು ಬೆಲೆ ಇಳಿದೊಡನೆ ಮತ್ತೆ ತರುತ್ತಾನೆ. ಅಲ್ಲಿ ಆಜ್ಞೆ ಮಾಡಿದುದು ಪೇಟೆ, ವಿವೇಕವಲ್ಲ. ಕೊಳ್ಳಲು ಶಕ್ತಿಯಿದ್ದು, ಕೊಳ್ಳುವುದರಲ್ಲಿ ದೋಷವೂ ಇಲ್ಲದಿದ್ದಾಗ, ಇಷ್ಟು ಸಾಕು ಎಂದು ತಾನಾಗಿ ನಿಲ್ಲುವವನು ಮಾತ್ರ ವ್ರತಿ. ಆದುದರಿಂದ ಈ ವ್ರತದ ಉಪದೇಶವು ಉಳ್ಳವರಿಗೆ ಸಲ್ಲುವುದೇ ಹೊರತು, ಕೊರತೆಯಲ್ಲಿ ದಿನ ನೂಕುವವರಿಗೆ ಸಲ್ಲದು. ಬಡ ಕುಟುಂಬಕ್ಕೆ ಸರಳಜೀವನದ ಪ್ರವಚನ ಮಾಡುವುದು ಹಸಿದವನಿಗೆ ಉಪವಾಸದ ಮಹಿಮೆಯನ್ನು ಬಣ್ಣಿಸಿದಂತೆ.

ವ್ರತಕ್ಕೆ ಕಾಲಾವಧಿಯೂ ಬೇಕು. ಜೀವಮಾನಪರ್ಯಂತದ ತ್ಯಾಗವು ಯಮ. ಗೊತ್ತಾದ ಅವಧಿಯ ತ್ಯಾಗವು ನಿಯಮ. ನಿಯಮಕ್ಕೆ ಹೇಳಿದ ಅವಧಿಗಳಲ್ಲಿ ದಿನ, ರಾತ್ರಿ, ಪಕ್ಷ, ಮಾಸ, ಅಯನಗಳ ಜೊತೆಗೆ ಋತುವೂ ಸೇರಿರುವುದು ಗಮನಾರ್ಹ. ಹೀಗಾಗಿ ಶರದೃತುವಿನ ಎರಡು ತಿಂಗಳಿಗೆ ಸೀಮಿತವಾದ ಒಂದು ನಿಯಮವು ಹೊಸ ಕಲ್ಪನೆಯೇನೂ ಅಲ್ಲ. ಶಾಸ್ತ್ರವೇ ಅದಕ್ಕೆ ಸ್ಥಾನವಿತ್ತಿದೆ. ಊಟ, ವಾಹನ, ಹಾಸಿಗೆ, ಲೇಪನ, ಬಟ್ಟೆ, ಆಭರಣ, ಸಂಗೀತ ಮೊದಲಾದುವನ್ನು ಆಚಾರ್ಯರು ಇಲ್ಲಿ ಹೆಸರಿಸಿದ್ದಾರೆ. ಇಂದಿನ ಹಬ್ಬದ ಖರೀದಿಯ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ವಸ್ತುಗಳ ರೂಪ ಬದಲಾಗಿದೆ, ಶೀರ್ಷಿಕೆಗಳು ಬದಲಾಗಿಲ್ಲ.

ಆದರೂ ಈ ಪ್ರಕರಣದ ವ್ಯಾಖ್ಯಾನ ಮಾಡುವವರು ಬಹುಮಟ್ಟಿಗೆ ಮೂಲಂಗಿ, ಹಸಿಶುಂಠಿಗಳ ವರ್ಜನೆಯಲ್ಲಿಯೇ ನಿಂತುಬಿಡುತ್ತಾರೆ. ಅವುಗಳ ನಿಷೇಧಕ್ಕೆ ಗ್ರಂಥವು ಕೊಡುವ ಕಾರಣ ಫಲ ಅಲ್ಪ, ಜೀವಘಾತ ಬಹಳ ಎಂಬುದು. ಈ ಕಾರಣವು ತಟ್ಟೆಗೆ ಮಾತ್ರ ಅನ್ವಯಿಸಿ ಬೀರುವಿಗೆ ಏಕೆ ಅನ್ವಯಿಸಬಾರದು? ಶುದ್ಧ ರೇಷ್ಮೆಯ ಒಂದು ಸೀರೆಗಾಗಿ ಸಾವಿರಾರು ಗೂಡುಗಳ ಜೀವಗಳು ಬೇಯುತ್ತವೆ. ಆ ಸೀರೆ ವರ್ಷಕ್ಕೆ ಒಂದೆರಡು ಸಲ ಹೊರಗೆ ಬರುತ್ತದೆ. ಅಲ್ಪಫಲಕ್ಕೂ ಬಹುಘಾತಕ್ಕೂ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಆಲೂಗಡ್ಡೆಯನ್ನು ಮುಟ್ಟದ ಮನೆ ರೇಷ್ಮೆಯ ಅಂಗಡಿಯಲ್ಲಿ ಅರ್ಧ ದಿನ ಕಳೆಯುವುದನ್ನು ವ್ಯಾಖ್ಯಾನಕಾರರು ಪ್ರಶ್ನಿಸದಿದ್ದರೆ, ಗ್ರಂಥದ ಅರ್ಧವನ್ನು ಮಾತ್ರ ಓದಿದಂತಾಯಿತು.

ಉಳಿತಾಯವೆಂಬ ಶಬ್ದವೂ ಈ ಋತುವಿನಲ್ಲಿ ಅರ್ಥವನ್ನು ಕಳೆದುಕೊಳ್ಳುತ್ತದೆ. 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನ, ಸರಕು ಮತ್ತು ಸೇವಾ ತೆರಿಗೆಯ ಹೊಸ ದರಗಳು ಜಾರಿಗೆ ಬಂದುವು. ಹವಾನಿಯಂತ್ರಣ ಯಂತ್ರಗಳ ಮೇಲಿನ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿಯಿತು. ತೆರಿಗೆ ಇಳಿದುದು ಬಳಕೆದಾರನಿಗೆ ಹಿತವೇ, ಅದರಲ್ಲಿ ಆಕ್ಷೇಪಕ್ಕೆ ಎಡೆಯಿಲ್ಲ. ಲೆಕ್ಕವನ್ನು ಮಾತ್ರ ಸರಿಯಾಗಿ ಬರೆಯಬೇಕು. ಮೂಲಬೆಲೆ 40,000 ರೂಪಾಯಿ ಇರುವ ಯಂತ್ರವು ಹಳೆಯ ದರದಲ್ಲಿ 51,200 ರೂಪಾಯಿ, ಹೊಸ ದರದಲ್ಲಿ 47,200 ರೂಪಾಯಿ. ಅವಶ್ಯಕತೆಯಿದ್ದು ಕೊಂಡವನಿಗೆ 4,000 ರೂಪಾಯಿ ಉಳಿಯಿತೆನ್ನಬಹುದು. ಅವಶ್ಯಕತೆಯಿಲ್ಲದೆ ಅಗ್ಗವಾಯಿತೆಂದು ಕೊಂಡವನಿಗೆ ಉಳಿದುದು ಏನೂ ಇಲ್ಲ. 47,200 ರೂಪಾಯಿ ಹೋಯಿತು, ಮೇಲೆ ಪ್ರತಿ ತಿಂಗಳ ವಿದ್ಯುತ್ ಬಿಲ್ಲು ಬಂದಿತು. ರಿಯಾಯಿತಿಯ ಮೊತ್ತವನ್ನು ಜಮಾ ಬದಿಗೆ ಬರೆಯುವ ಗುಮಾಸ್ತನನ್ನು ಯಾವ ಅಂಗಡಿಯೂ ಇಟ್ಟುಕೊಳ್ಳದು. ಮನೆಗಳು ಮಾತ್ರ ಈ ಬರವಣಿಗೆಯನ್ನು ಒಪ್ಪಿಕೊಂಡಿವೆ.

ವ್ರತದ ಅತಿಚಾರಗಳ ವಿಷಯದಲ್ಲಿ ಎರಡು ಗ್ರಂಥಗಳನ್ನು ಹೋಲಿಸುವುದು ಉಪಯುಕ್ತ. ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಹೇಳಿದ ಐದು ಅತಿಚಾರಗಳು ಸಚಿತ್ತಾಹಾರದಿಂದ ದುಃಪಕ್ವಾಹಾರದವರೆಗೆ ಎಲ್ಲವೂ ಆಹಾರಕ್ಕೆ ಸಂಬಂಧಿಸಿದವು. ಸಮಂತಭದ್ರರ ಐದು ಅತಿಚಾರಗಳು ಮನಸ್ಸಿನವು: ವಿಷಯವೆಂಬ ವಿಷದಲ್ಲಿ ಉಪೇಕ್ಷೆ ಇಲ್ಲದಿರುವುದು, ಹಿಂದೆ ಉಂಡದ್ದನ್ನು ಮತ್ತೆ ಮತ್ತೆ ನೆನೆಯುವುದು, ಭೋಗಿಸುವಾಗಿನ ಅತಿಲೋಲುಪತೆ, ಮುಂದಿನ ಭೋಗಕ್ಕಾಗಿ ಅತಿಯಾದ ತೃಷ್ಣೆ, ಮಿತಿಮೀರಿದ ಅನುಭವ. ಸೂತ್ರವು ತಟ್ಟೆಯನ್ನು ಕಾಯುತ್ತದೆ, ಶ್ರಾವಕಾಚಾರವು ಚಿತ್ತವನ್ನು ಕಾಯುತ್ತದೆ. ಎರಡು ತಿಂಗಳು ಏನನ್ನೂ ಕೊಳ್ಳದೆ, ಸಂಜೆಯೆಲ್ಲ ಮೊಬೈಲಿನಲ್ಲಿ ಸರಕುಗಳ ಚಿತ್ರ ನೋಡುತ್ತ, ಮಾರ್ಗಶಿರದಲ್ಲಿ ಕೊಳ್ಳಬೇಕಾದವುಗಳ ಪಟ್ಟಿ ಮಾಡುವವನು ಒಂದು ರೂಪಾಯಿಯನ್ನೂ ಖರ್ಚುಮಾಡದೆ ವ್ರತವನ್ನು ಕಲುಷಿತಗೊಳಿಸುತ್ತಾನೆ. ಇದಕ್ಕೆ ಪ್ರತಿಯಾಗಿ, ಮನಸ್ಸಿನಲ್ಲಿ ಮೂರ್ಛೆಯಿಲ್ಲ, ಆದುದರಿಂದ ಎಷ್ಟು ಕೊಂಡರೂ ದೋಷವಿಲ್ಲ ಎಂಬ ವಾದವೂ ಸಿರಿವಂತರಲ್ಲಿ ಉಂಟು. ವ್ರತದ ಹೆಸರೇ ಪರಿಮಾಣ. ಅಳತೆಯನ್ನು ಹಾಕದೆ ಅನಾಸಕ್ತಿಯ ಮಾತನಾಡುವುದು ತಕ್ಕಡಿಯನ್ನು ಬಚ್ಚಿಟ್ಟು ತೂಕ ಸರಿಯೆಂದು ಹೇಳಿದಂತೆ.

ಇನ್ನು ಉಳಿದ ಹಣದ ವಿಚಾರ. ಮಿತವ್ಯಯದ ಉಪದೇಶಗಳೆಲ್ಲ ಮೌನ ತಾಳುವುದು ಇಲ್ಲಿಯೇ. ಖರ್ಚಾಗದ ರೂಪಾಯಿ ಎಲ್ಲಿಗೂ ಹೋಗುವುದಿಲ್ಲ. ಅದು ಶಿಲ್ಕಾಗಿ ಕುಳಿತುಕೊಳ್ಳುತ್ತದೆ. ತಿಂಗಳಿಗೆ 5,000 ರೂಪಾಯಿ ಭೋಗವನ್ನು ಕಡಿಮೆ ಮಾಡಿದ ಮನೆಯ ಪರಿಗ್ರಹವು ವರ್ಷಕ್ಕೆ 60,000 ರೂಪಾಯಿ ಹೆಚ್ಚುತ್ತದೆ. ಭೋಗಕ್ಕೆ ಮಾತ್ರ ಮಿತಿ ಹಾಕಿ ಸಂಗ್ರಹಕ್ಕೆ ಮಿತಿ ಹಾಕದಿದ್ದರೆ ಒಂದು ಖಾತೆಯ ಹೊರೆ ಇನ್ನೊಂದು ಖಾತೆಗೆ ವರ್ಗವಾಯಿತೇ ಹೊರತು ಆತ್ಮಕ್ಕೆ ಹಗುರವಾಗಲಿಲ್ಲ. ಸಮಂತಭದ್ರರು ಪರಿಗ್ರಹ ಪರಿಮಾಣಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನು ಕೊಟ್ಟಿರುವುದೂ, ಅತಿಸಂಗ್ರಹ ಮತ್ತು ಲೋಭಗಳನ್ನು ಅದರ ಅತಿಚಾರಗಳಲ್ಲಿ ಎಣಿಸಿರುವುದೂ ಇದಕ್ಕಾಗಿಯೇ. ಗೃಹಸ್ಥನು ನಾಳೆಗೆ ಏನನ್ನೂ ಇಡಬಾರದೆಂದು ಆಚಾರ್ಯರು ಹೇಳಿಲ್ಲ. ರೋಗ, ಮಕ್ಕಳ ವಿದ್ಯೆ, ಮುಪ್ಪು ಇವುಗಳಿಗೆ ಕೂಡಿಡುವುದು ಸಂಸಾರಿಯ ಕರ್ತವ್ಯ. ಇಷ್ಟಕ್ಕೆ ಇಷ್ಟು ಎಂದು ಮೊದಲೇ ಗೊತ್ತುಮಾಡಿ, ಮೀರಿದುದನ್ನು ದಾನಕ್ಕೆ ಬಿಡಬೇಕೆಂಬುದು ವ್ರತದ ಆಶಯ. ಆಹಾರ, ಔಷಧ, ಉಪಕರಣ, ಆವಾಸ ಎಂದು ನಾಲ್ಕು ದಾನಗಳನ್ನು ಅದೇ ಗ್ರಂಥವು ವೈಯಾವೃತ್ಯದಲ್ಲಿ ಹೇಳಿದೆ. ಮಿತವ್ಯಯಿಯ ಲೆಕ್ಕ ಶಿಲ್ಕಿನಲ್ಲಿ ಮುಗಿಯುತ್ತದೆ. ವ್ರತಿಯ ಲೆಕ್ಕ ದಾನದಲ್ಲಿ ಮುಗಿಯುತ್ತದೆ.

ಗ್ರಂಥವನ್ನು ಇಂದಿನ ಮನೆಗೆ ಅನ್ವಯಿಸುವಾಗ ಒಂದು ತೊಡಕು ಎದುರಾಗುತ್ತದೆ. ಶ್ರಾವಕಾಚಾರವು ಒಬ್ಬ ವ್ರತಿಯನ್ನು ಕುರಿತು ಮಾತನಾಡುತ್ತದೆ. ಮನೆಯ ಖರ್ಚು ಹಲವರದು. ಯಜಮಾನನು ಮಿತಿಯನ್ನು ಘೋಷಿಸಿ ಅದರ ಕಷ್ಟವನ್ನು ಇತರರ ಮೇಲೆ ಹೊರಿಸಿದರೆ ಆಗುವುದೇನು? ಖರ್ಚು ತಗ್ಗಿಸಲು ಹೊರಟ ಮನೆಗಳಲ್ಲಿ ಹಲವು ವೇಳೆ ಮೊದಲ ಕತ್ತರಿ ಬೀಳುವುದು ಮನೆಗೆಲಸದವಳ ಹಬ್ಬದ ಸೀರೆಗೆ, ಅಂಗಡಿಯ ಆಳಿನ ಬೋನಸ್ಸಿಗೆ, ಇಬ್ಬರ ಕೆಲಸವನ್ನು ಒಬ್ಬನಿಗೆ ಒಪ್ಪಿಸುವುದಕ್ಕೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಅನ್ನಪಾನನಿರೋಧವೂ ಸೇರಿವೆ. ಹೊರಲಾರದಷ್ಟು ಹೊರೆ ಹೊರಿಸುವುದು, ಸಲ್ಲಬೇಕಾದ ಅನ್ನವನ್ನು ತಡೆಯುವುದು, ಇವು ಎತ್ತಿನ ವಿಷಯದಲ್ಲಿ ಹಿಂಸೆಯಾದರೆ ಮನುಷ್ಯನ ವಿಷಯದಲ್ಲಿ ಮಿತವ್ಯಯ ಹೇಗಾದೀತು? 1965ರ ಬೋನಸ್ ಕಾಯಿದೆಯಡಿ ಕನಿಷ್ಠ ಬೋನಸ್ಸಿನ ಪ್ರಮಾಣವು ಮುಂದಿನ ತಿದ್ದುಪಡಿಗಳಿಂದ ಶೇಕಡಾ 8.33ಕ್ಕೆ ನೆಲೆಗೊಂಡಿತು. ಅದು ವರ್ಷದ ವೇತನದ ಹನ್ನೆರಡನೆಯ ಒಂದು ಪಾಲು, ಅಂದರೆ ಒಂದು ತಿಂಗಳ ಸಂಬಳ. ಕಾಯಿದೆಯ ವ್ಯಾಪ್ತಿಗೆ ಬಾರದ ಸಣ್ಣ ಅಂಗಡಿಯವನಿಗೂ ಅಣುವ್ರತದ ವ್ಯಾಪ್ತಿಯಿಂದ ಬಿಡುಗಡೆ ಇಲ್ಲ. ತನ್ನ ಭೋಗದಿಂದ ಕಡಿದುದು ತ್ಯಾಗ. ಪರರ ಅನ್ನದಿಂದ ಕಡಿದುದು ಅಪಹರಣಕ್ಕೆ ಸಮೀಪವಾದುದು.

ಬಸದಿಗಳ ಆಡಳಿತ ಮಂಡಳಿಗಳೂ ಈ ವಿಮರ್ಶೆಯಿಂದ ಹೊರಗುಳಿಯುವಂತಿಲ್ಲ. ಜೈನರಿಗೆ ದೀಪಾವಳಿಯು ಭಗವಾನ್ ಮಹಾವೀರರ ನಿರ್ವಾಣದ ದಿನ. ಪಾವಾಪುರಿಯಲ್ಲಿ ಆ ದಿನ ದೀಪಗಳನ್ನು ಬೆಳಗಿದ ವೃತ್ತಾಂತವನ್ನು ಕ್ರಿ.ಶ. 783ರಲ್ಲಿ ಮುಗಿದ ಜಿನಸೇನಾಚಾರ್ಯರ ಹರಿವಂಶಪುರಾಣವು ನಿರೂಪಿಸಿದೆ. ಸಕಲ ಪರಿಗ್ರಹಗಳನ್ನೂ ತೊರೆದ ಮಹಾಪುರುಷನ ಸ್ಮರಣೆಗೆಂದು ಹಚ್ಚಿದ ದೀಪವು ವರ್ಷದ ದೊಡ್ಡ ಖರೀದಿಗೆ ಬೆಳಕಾಗಿರುವುದು ವಿಪರ್ಯಾಸ. ಬಸದಿಯೇ ಆ ದಿನ ಬಣ್ಣದ ಕಾಗದದ ದುಬಾರಿ ಆಮಂತ್ರಣ, ರಾತ್ರಿಯಿಡೀ ಉರಿದು ಕೀಟಗಳನ್ನು ಸೆಳೆದು ಕೊಲ್ಲುವ ವಿದ್ಯುದ್ದೀಪ, ಅಭಿಷೇಕದ ಸವಾಲಿನಲ್ಲಿ ಪೈಪೋಟಿ ಇವುಗಳಿಗೆ ಎಡೆಕೊಟ್ಟರೆ, ಶ್ರಾವಕರ ಮನೆಗೆ ಸರಳತೆಯನ್ನು ಬೋಧಿಸುವ ಅಧಿಕಾರ ಅದಕ್ಕೆ ಉಳಿಯುವುದಿಲ್ಲ. ನಿರ್ವಾಣೋತ್ಸವದ ಅಂದಾಜು ವೆಚ್ಚವನ್ನು ಆಶ್ವೀಜದ ಆರಂಭದಲ್ಲಿಯೇ ಬಸದಿಯ ಫಲಕದಲ್ಲಿ ಬರೆದು, ಉತ್ಸವ ಮುಗಿದ ಮೇಲೆ ನಿಜವಾದ ವೆಚ್ಚವನ್ನು ಅದರ ಕೆಳಗೆ ಬರೆಯುವ ಮಂಡಳಿಯು ಹತ್ತು ಪ್ರವಚನಗಳ ಕೆಲಸವನ್ನು ಒಂದು ಹಲಗೆಯಿಂದ ಮಾಡಬಲ್ಲದು.

ಮನೆಗಳಿಗೂ ಇದೇ ಮಾರ್ಗ ಸುಲಭ. ಆಶ್ವೀಜ ಶುಕ್ಲ ಪಾಡ್ಯದಂದು ಮನೆಯವರೆಲ್ಲ ಕುಳಿತು ಒಂದು ಹಾಳೆಯನ್ನು ಬರೆಯಬಹುದು. ಋತುವಿಗೆ ಭೋಗ ಇಷ್ಟು, ಉಪಭೋಗ ಇಷ್ಟು. ಮನೆಯ ಪ್ರತಿಯೊಬ್ಬರೂ ತಾವು ಕೊಳ್ಳಬಲ್ಲ, ಆದರೆ ಈ ಎರಡು ತಿಂಗಳು ಕೊಳ್ಳದಿರುವ ಒಂದೊಂದು ವಸ್ತು. ಆಳುಕಾಳುಗಳಿಗೆ ಸಲ್ಲಬೇಕಾದುದು ಇಷ್ಟು, ಅದರಲ್ಲಿ ಕಡಿತವಿಲ್ಲ. ಉಳಿದುದರಲ್ಲಿ ಇಂತಿಷ್ಟು ಪಾಲು ಔಷಧಕ್ಕೋ ವಿದ್ಯೆಗೋ ದಾನ. ಮಿತಿಯನ್ನು ಯಜಮಾನನು ಮೊದಲು ತನ್ನ ಹೆಸರಿನ ಮುಂದೆ ಬರೆಯಬೇಕು, ಮಕ್ಕಳ ಹೆಸರಿನ ಮುಂದೆ ಅಲ್ಲ. ತೆರಿಗೆಯ ವರ್ಷವು ಏಪ್ರಿಲ್‌ನಲ್ಲಿ ಮೊದಲಾದರೂ ವೀರನಿರ್ವಾಣ ಸಂವತ್ಸರವು ಕಾರ್ತಿಕ ಶುಕ್ಲ ಪಾಡ್ಯಕ್ಕೇ ತಿರುಗುತ್ತದೆ. ಅನೇಕ ವ್ಯಾಪಾರಿ ಮನೆತನಗಳು ದೀಪಾವಳಿಗೆ ಖಾತೆಯ ಪುಸ್ತಕಗಳನ್ನು ಪೂಜಿಸುತ್ತವೆ. ಆ ಪೂಜೆಯಲ್ಲಿ ಅಂಗಡಿಯ ಪುಸ್ತಕದ ಜೊತೆಗೆ ಮನೆಯ ಈ ಹಾಳೆಯನ್ನೂ ಇಟ್ಟು, ಬರೆದುದಕ್ಕೂ ನಡೆದುದಕ್ಕೂ ಇರುವ ಅಂತರವನ್ನು ಅಂದೇ ನೋಡುವುದು ಒಳ್ಳೆಯದು. ಅಂತರವು ಹೆಚ್ಚಾಗಿದ್ದರೆ ಋತುವಿನ ಇನ್ನೊಂದು ಮಾಸ ಉಳಿದಿರುತ್ತದೆ.