ತೊಟ್ಟೆಯ ಬಾಯಿ ಹಿಡಿಯುವವರು

ಜಿಪ್ ತೊಟ್ಟೆಯ ಬಾಯಿ ಅಗಲಿಸಿ ಹಿಡಿಯುವ ಪ್ಲಾಸ್ಟಿಕ್ಕಿನ ಸಾಧನವೊಂದಕ್ಕೆ ಈಚೆಗೆ ನಮ್ಮ ಕಡೆಯ ಅಡುಗೆಮನೆಗಳಲ್ಲಿ ಅದರ ಯೋಗ್ಯತೆಗೆ ಮೀರಿದ ಹೆಸರು ಬಂದಿದೆ. ನೋಡಲಿಕ್ಕೆ ಇಕ್ಕಳದ ಹಾಗೆ. ಇಕ್ಕಳದ ಹಿಡಿ ಒತ್ತಿದರೆ ತುದಿಗಳು ಕೂಡುತ್ತವೆ, ಇದರದ್ದು ಒತ್ತಿದರೆ ಅಗಲುತ್ತವೆ. ಎರಡು ಚಪ್ಪಟೆ ಕೈಗಳನ್ನು ತೊಟ್ಟೆಯೊಳಗೆ ತೂರಿಸಿ ಹಿಡಿ ಅದುಮಿದರೆ ಬಾಯಿ ತೆರೆಯುತ್ತದೆ ಎಂಬುದು ಮಾರುವವರ ಮಾತು. ಬೆಂಗಳೂರಿನಿಂದ ರಜೆಗೆ ಬಂದ ಮಕ್ಕಳು ತಾಯಂದಿರಿಗೆ ತಂದುಕೊಡುತ್ತಾರೆ. ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಅದರ ಗುಣಗಾನ ಕೇಳಿದ್ದೇನೆ. ಎಲ್ಲರ ಬಾಯಲ್ಲೂ ಒಂದೇ ಮಾತು: ಒಂದು ಕೈ ಉಳಿಯಿತು.

ನಾನೂ ಪುತ್ತೂರು ಪೇಟೆಯಲ್ಲಿ ಒಂದು ಕೊಂಡೆ. ಒಂದಿಡೀ ಹಲಸಿನ ಕಾಲ, ಅದರ ಹಿಂದೆಯೇ ಬಂದ ಮಳೆಗಾಲ, ಆ ಸಾಧನದಲ್ಲೇ ತೊಟ್ಟೆ ತುಂಬಿದೆ. ಉಪ್ಪು ಸೊಳೆ, ಹಲಸಿನ ಬೀಜದ ಸಾಂತಾಣಿ, ಒಣಗಿಸಿದ ಪುನರ್ಪುಳಿ ಸಿಪ್ಪೆ, ಸಾರಿನ ಹುಡಿ, ಕಾಳುಮೆಣಸು. ಇಷ್ಟಾದ ಮೇಲೆ ಹೇಳುತ್ತಿದ್ದೇನೆ: ಕೈ ಉಳಿಯಲಿಲ್ಲ. ಕೈಯಲ್ಲಿ ಹಿಡಿಯಬೇಕಾದ ಸಾಧನ ಕೈಯನ್ನು ಬಿಡಿಸುವುದಾದರೂ ಹೇಗೆ? ಮೊದಲು ಎಡಗೈ ತೊಟ್ಟೆ ಹಿಡಿಯುತ್ತಿತ್ತು. ಈಗ ತೊಟ್ಟೆ ಹಿಡಿದ ಸಾಧನವನ್ನು ಹಿಡಿಯುತ್ತದೆ.

ಸಾಧನಗಳನ್ನು ಹೀಗೆ ಬಳಸಿ ನೋಡಿ ಮಾತಾಡುವುದು ನಮ್ಮ ಸೀಮೆಗೆ ಹೊಸತಲ್ಲ. 1988ರಿಂದ ಪುತ್ತೂರಿನಲ್ಲಿ ಹೊರಡುತ್ತಿರುವ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಕೊಟ್ಟ ಮೇಲೆ, ಅಡಿಕೆ ಸುಲಿಯುವ ಯಂತ್ರವಿರಲಿ, ಮದ್ದು ಬಿಡುವ ಪಂಪಿರಲಿ, ಬಳಸಿದವನೇ ಬರೆಯಬೇಕು ಎಂಬ ಶಿಸ್ತು ಇಲ್ಲಿ ಬೆಳೆಯಿತು. ಪುತ್ತೂರಿನ ಕೃಷಿ ಯಂತ್ರ ಮೇಳಕ್ಕೆ ಹೋದವರಿಗೆ ಗೊತ್ತು, ಅಲ್ಲಿ ಜನ ಯಂತ್ರವನ್ನು ನೋಡಿ ಸುಮ್ಮನೆ ಬರುವುದಿಲ್ಲ. ಬಗ್ಗಿ, ತಿರುಗಿಸಿ, ಬೋಲ್ಟು ಮುಟ್ಟಿ, ಕೇಳಿಯೇ ಬರುತ್ತಾರೆ. ಆದರೆ ಆ ಶಿಸ್ತು ತೋಟದಿಂದ ಅಂಗಳ ದಾಟಿ ಅಡುಗೆಮನೆಗೆ ಬಂದದ್ದು ಕಡಿಮೆ. ಮೆಟ್ಟುಕತ್ತಿ, ಹೆರೆಮಣೆ, ಶ್ಯಾವಿಗೆ ಒರಳು ಇವುಗಳ ಬಗ್ಗೆ ನೆನಪಿನ ಬರಹಗಳಿವೆ, ಪರೀಕ್ಷೆಯ ಬರಹಗಳಿಲ್ಲ.

ಈ ಇಕ್ಕಳದ ಮೂಲ ದೋಷ ಅದರ ಪ್ಲಾಸ್ಟಿಕ್ಕಿನಲ್ಲಿಲ್ಲ, ಸ್ಪ್ರಿಂಗಿನಲ್ಲೂ ಇಲ್ಲ. ಅದಕ್ಕೆ ಎರಡೇ ಕೈ ಇರುವುದರಲ್ಲಿದೆ. ತೊಟ್ಟೆಯ ಬಾಯಿ ಒಂದು ಬಳೆಯ ಹಾಗೆ, ಆದರೆ ಬಿಗುವಿಲ್ಲದ ಬಳೆ. ಅದನ್ನು ಎರಡು ಕಡೆಯಿಂದ ಎಳೆಯಿರಿ. ಎಳೆದಷ್ಟೂ ಎದುರುಬದುರಿನ ಎರಡು ಬದಿಗಳು ಹತ್ತಿರ ಬರುತ್ತವೆ. ಪೂರ್ತಿ ಎಳೆದಾಗ ಕೂಡಿಕೊಳ್ಳುತ್ತವೆ. ಎಂದರೆ ಈ ಸಾಧನ ತನ್ನ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತದೋ ಬಾಯಿ ಅಷ್ಟು ಚೆನ್ನಾಗಿ ಮುಚ್ಚುತ್ತದೆ. ಇದನ್ನು ಗಮನಿಸಿದ ದಿನ ನಾನು ಟೇಪು ಹಿಡಿದು ಕೂತೆ. ನನ್ನ ಹತ್ತಿರ ಇದ್ದದ್ದು ಚಪ್ಪಟೆ ಇಟ್ಟರೆ 18 ಸೆಂ.ಮೀ. ಅಗಲದ ತೊಟ್ಟೆ, ಎಂದರೆ ಬಾಯಿಯ ಸುತ್ತಳತೆ 36 ಸೆಂ.ಮೀ. ಅದನ್ನು ಉರುಟಾಗಿ ತೆರೆದರೆ ಸಿಗುವ ಜಾಗ 103 ಚದರ ಸೆಂ.ಮೀ. ಚೌಕವಾಗಿ ತೆರೆದರೆ 81. ಮೂರೇ ಮೂರು ಕಡ್ಡಿ ನಿಲ್ಲಿಸಿ ತ್ರಿಕೋನ ಮಾಡಿದರೂ 62. ಈ ಇಕ್ಕಳದ ಕೈಗಳು ತಲಾ 2 ಸೆಂ.ಮೀ. ಅಗಲ ಇರುವುದರಿಂದ ಪೂರ್ತಿ ಎಳೆದಾಗ 16 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಒಂದು ಸೀಳು ಉಳಿಯುತ್ತದೆ. ಅದು 32 ಚದರ ಸೆಂ.ಮೀ., ಉರುಟು ಬಾಯಿಯ ಮೂರರಲ್ಲಿ ಒಂದು ಪಾಲೂ ಇಲ್ಲ.

ಬಕ್ಕೆ ಹಲಸಿನ ಒಂದು ಸೊಳೆ ಎರಡು ಬೆರಳಗಲ ಇರುತ್ತದೆ, ಉದ್ದಕ್ಕೆ ಸೀಳಿದರೂ ಬಾಗಿಕೊಂಡೇ ಇರುತ್ತದೆ. ಆ ಸೀಳಿನಲ್ಲಿ ಅದು ತಾನಾಗಿ ಇಳಿಯುವುದಿಲ್ಲ. ಬಲಗೈಯ ಸೌಟು ಕೆಳಗಿಟ್ಟು ಬೆರಳಲ್ಲಿ ದೂಡಬೇಕು. ಎಡಗೈಯ ಬಿಗಿ ಸಡಿಲ ಮಾಡಿದರೆ ಬಾಯಿ ಸ್ವಲ್ಪ ಉರುಟಾಗುತ್ತದೆ ನಿಜ. ಆದರೆ ಬಿಗಿ ಸಡಿಲವಾದ ಕೂಡಲೇ ತೊಟ್ಟೆ ತನ್ನ ಭಾರಕ್ಕೆ ಜಾರುತ್ತದೆ. ಬಿಗಿ ಹಿಡಿದರೆ ತುಂಬದು, ಸಡಿಲ ಬಿಟ್ಟರೆ ನಿಲ್ಲದು.

ಮನುಷ್ಯರ ಕೈ ಇದನ್ನು ಹೇಗೆ ಮಾಡುತ್ತದೆ ಎಂದು ಒಮ್ಮೆ ನಿಂತು ನೋಡಬೇಕು. ತೊಟ್ಟೆ ಹಿಡಿಯುವವಳು ಎರಡು ಕೈಗಳಿಂದ ಎಳೆಯುವುದಿಲ್ಲ. ಎರಡೂ ಹೆಬ್ಬೆರಳು ತನ್ನ ಕಡೆಯ ಬದಿಯನ್ನು ಒತ್ತಿಕೊಂಡಿರುತ್ತವೆ, ಉಳಿದ ಬೆರಳುಗಳು ಆಚೆ ಬದಿಯನ್ನು ದೂರ ದೂಡುತ್ತವೆ. ಎರಡು ಕೈ, ಆದರೆ ನಾಲ್ಕು ಮೂಲೆ. ಸೌಟು ಬರುವಾಗ ಬೆರಳು ತುಸು ಅಗಲುತ್ತವೆ, ತೊಟ್ಟೆ ಭಾರವಾದ ಹಾಗೆ ಬುಡಕ್ಕೆ ಮೊಣಕಾಲಿನ ಆಸರೆ ಸಿಗುತ್ತದೆ. ಸಾಧನ ಮಾಡಿದವರು ಈ ಕೈಗಳನ್ನು ನೋಡಿದ್ದಾರೆ, ಬೆರಳುಗಳನ್ನು ನೋಡಿಲ್ಲ.

ಎರಡನೆಯ ದೋಷ ನನಗೆ ತಿಳಿದದ್ದು ನಷ್ಟದ ದಾರಿಯಲ್ಲಿ. ಬೆಂಗಳೂರಿನಲ್ಲಿರುವ ತಮ್ಮನ ಮನೆಗೆ ರಾತ್ರಿ ಬಸ್ಸಿನಲ್ಲಿ ಆರು ತೊಟ್ಟೆ ಉಪ್ಪು ಸೊಳೆ ಕಳಿಸಿದ್ದೆ. ಬೆಳಿಗ್ಗೆ ತಮ್ಮನ ಹೆಂಡತಿ ಫೋನು ಮಾಡಿ, “ಅತ್ತಿಗೆ, ನಾಲ್ಕು ಸೋರಿವೆ, ಚೀಲ ಇಡೀ ಉಪ್ಪುನೀರು” ಎಂದಳು. ಆರನ್ನೂ ನಾನೇ ಒತ್ತಿ ಮುಚ್ಚಿದ್ದೆ. ಮನೆಯಲ್ಲಿ ಉಳಿದ ತೊಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿದಾಗ ಗೊತ್ತಾಯಿತು. ಜಿಪ್ಪೆಂದರೆ ಒಂದು ಬದಿಯಲ್ಲಿ ಏಣು, ಇನ್ನೊಂದು ಬದಿಯಲ್ಲಿ ಗಾಡಿ, ಎಂದರೆ ಸಣ್ಣ ತೋಡು. ಏಣು ಗಾಡಿಯೊಳಗೆ ಕೂತರೆ ಮುಚ್ಚಿದಂತೆ. ಗಾಡಿಯಲ್ಲಿ ಸೊಳೆಯ ಒಂದು ನಾರು, ಕರಗದ ಒಂದು ಉಪ್ಪಿನ ಹರಳು ಕೂತಿದ್ದರೆ ಅಲ್ಲಿ ಕೂದಲೆಳೆಯಷ್ಟು ದಾರಿ ಉಳಿಯುತ್ತದೆ. ಮುಚ್ಚುವಾಗ ಬೆರಳಿಗೆ ತಿಳಿಯುವುದಿಲ್ಲ, ಬಸ್ಸು ಶಿರಾಡಿ ಘಾಟಿ ಹತ್ತುವಾಗ ನೀರಿಗೆ ತಿಳಿಯುತ್ತದೆ. ಈ ಸಾಧನ ಬಾಯಿಯನ್ನು ಸೀಳು ಮಾಡುವುದರಿಂದ ಒಳಗೆ ಹೋಗುವ ಪ್ರತಿಯೊಂದು ಸೊಳೆಯೂ ಆ ಗಾಡಿಗೆ ಒರಸಿಕೊಂಡೇ ಇಳಿಯಬೇಕು. ಸಾರಿನ ಹುಡಿಯ ಕಥೆಯೂ ಇದೇ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿದು. ಜಿಪ್ಪು ಎಲ್ಲಿ ಕೂತಿಲ್ಲ ಎಂದು ಆಟಿ ತಿಂಗಳ ಹವೆ ಹುಡುಕಿಕೊಂಡೇ ಬರುತ್ತದೆ, ಹುಡಿ ಎರಡೇ ವಾರದಲ್ಲಿ ಗಟ್ಟಿ ಕಟ್ಟುತ್ತದೆ. ಬಾಯಿ ತೆರೆದು ಹಿಡಿಯುವುದು ಅರ್ಧ ಕೆಲಸ. ಮತ್ತೆ ಮುಚ್ಚುವ ಹಾಗೆ ಅದನ್ನು ಚೊಕ್ಕ ಇಡುವುದು ಉಳಿದರ್ಧ. ಹೊಗಳುವವರು ಯಾರೂ ಇದರ ಸುದ್ದಿ ಎತ್ತಿದ್ದು ನಾನು ಕೇಳಿಲ್ಲ.

ಇನ್ನು ತೆಗಳುವವರ ಜೊತೆಗೂ ನನ್ನ ತಕರಾರಿದೆ, ಮತ್ತು ಅದೇ ದೊಡ್ಡದು. “ನಮ್ಮ ಅಮ್ಮ, ಅಜ್ಜಿಯರಿಗೆ ಇದೆಲ್ಲ ಬೇಕಿತ್ತಾ?” ಎಂದು ಕೇಳುವವರಿದ್ದಾರೆ. ಹಪ್ಪಳದ ದಿನದ ಬಗ್ಗೆ, ಅಂಗಳದ ಚಾಪೆಯ ಬಗ್ಗೆ, ಹತ್ತು ಕೈ ಕೂಡಿ ಮಾಡುತ್ತಿದ್ದ ಕೆಲಸದ ಸೊಗಸಿನ ಬಗ್ಗೆ ಬರೆಯುವವರು ಇವರು. ಬರಹ ಚಂದ ಇರುತ್ತದೆ. ಆದರೆ ಆ ಹತ್ತು ಕೈಗಳಲ್ಲಿ ಹಿಡಿಯುವ ಕೈ ಯಾರದ್ದು ಎಂದು ಇವರು ಎಣಿಸುವುದಿಲ್ಲ. ಅರೆಯುವವರಿಗೆ ಹೆಸರುಂಟು, ಒತ್ತುವವರಿಗೆ ಹೆಸರುಂಟು, ಕಾಯಿಸುವವರಿಗೆ ಹೆಸರುಂಟು. ಹಿಡಿದುಕೊಂಡು ನಿಲ್ಲುವವಳಿಗೆ ಇಲ್ಲ. ನಾನು ಅವಳಾಗಿದ್ದೆ. ಚಾಲಿ ಅಡಿಕೆ ಗೋಣಿಗೆ ತುಂಬುವ ದಿನ ಅಜ್ಜ ಮೊರದಲ್ಲಿ ತುಂಬಿ ತಂದು ಸುರಿಯುವರು, ನಾನು ಗೋಣಿಯ ಅಂಚು ಮಡಚಿ ಎರಡೂ ಕೈಯಲ್ಲಿ ಅಗಲ ಹಿಡಿದಿರಬೇಕು. ಹುಡಿ ಮೂಗಿಗೆ, ಕಣ್ಣಿಗೆ. ಸೀನಿದರೆ ಬಾಯಿ ಅಲ್ಲಾಡಿ ನಾಲ್ಕು ಅಡಿಕೆ ಹೊರಗೆ. “ಸಮಾ ಹಿಡಿ ಕೂಸೇ” ಎಂಬ ಮಾತು ಇವತ್ತಿಗೂ ನನ್ನ ರಟ್ಟೆಯಲ್ಲಿದೆ. ಆ ದಿನಗಳಲ್ಲಿ ಶಾಲೆ ತಪ್ಪಿದ್ದುಂಟು. ಅಣ್ಣನಿಗೆ ತಪ್ಪಲಿಲ್ಲ.

ಅಜ್ಜಿಗೆ ಈ ಸಾಧನ ಬೇಕಿರಲಿಲ್ಲ, ಸರಿ. ಏಕೆಂದರೆ ಅಜ್ಜಿಗೆ ನಾನಿದ್ದೆ.

ಅಜ್ಜಿಯ ಕಾಲದ ಜಾಣತನವನ್ನೇ ಹೊಗಳಬೇಕಾದರೆ ಅದಕ್ಕಿಂತ ಗಟ್ಟಿಯಾದ ಆಧಾರ ಇದೆ, ಈ ನೆನಪಿನ ಬರಹಗಾರರು ಅದನ್ನು ಕೈಬಿಟ್ಟಿದ್ದಾರೆ. ಮುಂಡೇವಿನ ಎಲೆಯ ಮುಳ್ಳು ತೆಗೆದು, ಬೆಂಕಿಯಲ್ಲಿ ಬಾಡಿಸಿ, ಸುರುಳಿ ಸುತ್ತಿ ಕಡ್ಡಿ ಚುಚ್ಚಿ ಮಾಡುವ ಮೂಡೆಯನ್ನು ನೋಡಿ. ಅಟ್ಟಿನಳಗೆಯಲ್ಲಿ ತನ್ನಷ್ಟಕ್ಕೆ ನಿಲ್ಲುತ್ತದೆ, ಬಾಯಿ ತೆರೆದೇ ಇರುತ್ತದೆ, ಹಿಟ್ಟು ಹೊಯ್ಯಲು ಒಂದು ಕೈ ಸಾಕು. ಹಲಸಿನ ಎಲೆಯ ಕೊಟ್ಟೆಯೂ ಹಾಗೆಯೇ. ಅಕ್ಕಿಮುಡಿಯಲ್ಲಂತೂ ಬಾಯಿ ಎಂಬುದೇ ಇಲ್ಲ. ಬೈಹುಲ್ಲನ್ನು ಸುತ್ತ ಹರಡಿ, ನಡುವೆ 42 ಸೇರು ಅಕ್ಕಿ ಸುರಿದು, ಆಮೇಲೆ ಹುಲ್ಲನ್ನು ಎತ್ತಿ ಕಟ್ಟುವುದು. ತುಂಬಿದ ಮೇಲೆ ಚೀಲವಾಗುವ ಚೀಲ ಅದು. ದೊಡ್ಡ ಕಾರ್ಖಾನೆಗಳಲ್ಲಿ ಕೊಳವೆಯ ಸುತ್ತ ಪ್ಲಾಸ್ಟಿಕ್ ಹಾಳೆ ಸುತ್ತಿ, ಕೊಳವೆಯೊಳಗಿಂದ ಮಾಲು ಬಿಟ್ಟು, ಆಮೇಲೆ ಬೆಸೆಯುವ ಯಂತ್ರಗಳಿವೆ. ಅವುಗಳದ್ದೂ ಇದೇ ತತ್ವ. ಬಾಯಿ ಹಿಡಿಯುವ ತೊಂದರೆ ನಮ್ಮ ಮನೆಗಳಿಗೆ ಬಂದದ್ದು ಗೋಣಿಯ ಜೊತೆ, ಹೆಚ್ಚಾದದ್ದು ತೊಟ್ಟೆಯ ಜೊತೆ.

ತೊಟ್ಟೆಯೇ ಬೇಡ ಎನ್ನುವವರು ಇನ್ನೊಂದು ಗುಂಪು. ಅವರ ಕಾಳಜಿಗೆ ನಾನು ಎದುರಲ್ಲ. 2016ರಲ್ಲಿ ಕರ್ನಾಟಕ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದ್ದು, 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ಸಾಮಾನುಗಳನ್ನು ದೇಶವೇ ನಿಷೇಧಿಸಿದ್ದು ಸರಿಯಾದ ಕೆಲಸ. ಆದರೆ 1968ರಲ್ಲಿ ಅಮೆರಿಕದ ಡೌ ಕಂಪೆನಿ ‘ಜಿಪ್‌ಲಾಕ್’ ಎಂದು ಮಾರುಕಟ್ಟೆಗೆ ತಂದ, ಈಗ ನಮ್ಮಲ್ಲಿ ಯಾವ ಕಂಪೆನಿಯದ್ದಕ್ಕೂ ಅದೇ ಹೆಸರಾದ ಈ ದಪ್ಪ ತೊಟ್ಟೆಯನ್ನು ನಮ್ಮ ಹೆಂಗಸರು ಯಾರೂ ಒಮ್ಮೆ ಬಳಸಿ ಎಸೆಯುವುದಿಲ್ಲ. ತೊಳೆದು, ಒಣಗಿಸಿ, ಜಿಪ್ಪು ಸಾಯುವವರೆಗೆ ಬಳಸುತ್ತಾರೆ. ಹಾಗಿರುವಾಗ ಗಾಡಿ ಕೆಡಿಸುವ, ತುದಿಯಿಂದ ಒಳಮೈ ಗೀರುವ ಸಾಧನವೇ ತೊಟ್ಟೆಯ ಆಯುಷ್ಯ ಕಡಿಮೆ ಮಾಡುವುದು. ಕಸ ಕಡಿಮೆಯಾಗಬೇಕೆನ್ನುವವರು ಮೊದಲು ಇದನ್ನು ಪರೀಕ್ಷಿಸಬೇಕಿತ್ತು. ತೊಟ್ಟೆಯನ್ನು ಬೈದು ಮುಗಿಸಿದರೆ ಬಸ್ಸಿನಲ್ಲಿ ಸೊಳೆ ಹೋಗುವುದು ನಿಲ್ಲುವುದಿಲ್ಲ. ಭರಣಿಯನ್ನು ಸೀಟಿನ ಅಡಿಯಲ್ಲಿಟ್ಟು ಕಳಿಸಲಿಕ್ಕೆ ಆಗುವುದೂ ಇಲ್ಲ.

ಸಾಧನದ ಪರವಾಗಿ ಹೇಳಬೇಕಾದದ್ದನ್ನೂ ಹೇಳುತ್ತೇನೆ. ಕೈ ಒಳಗೆ ಹೋಗದಷ್ಟು ಸಣ್ಣ ತೊಟ್ಟೆಗೆ, ಕಾಳುಮೆಣಸಿನಂಥ ಉರುಳುವ ಮಾಲಿಗೆ ಅದು ಆದೀತು. ಬೆರಳ ಗಂಟು ನೋಯುವವರಿಗೆ ತೊಟ್ಟೆಯ ನುಣುಪು ಅಂಚು ಹಿಡಿಯುವುದಕ್ಕಿಂತ ದಪ್ಪ ಹಿಡಿ ಹಿಡಿಯುವುದು ಸುಲಭ. ಅದೇ ಅಂಗಡಿಯಲ್ಲಿ ನಾಲ್ಕು ಕಡ್ಡಿಯ, ಮೇಜಿನ ಮೇಲೆ ನಿಲ್ಲುವ ಇನ್ನೊಂದಿತ್ತು. ಅದು ನಿಜಕ್ಕೂ ಕೈ ಬಿಡಿಸುತ್ತದೆ, ಆದರೆ ಉಪ್ಪು ಸೊಳೆಯ ಭಾರಕ್ಕೆ ಕ್ಲಿಪ್ಪು ಬಿಟ್ಟುಕೊಂಡಿತು. ಮಳೆಗಾಲದಲ್ಲಿ ತೊಳೆದ ತೊಟ್ಟೆ ಕವುಚಿ ಒಣಗಿಸಲು ಮಾತ್ರ ಅದು ಬಹಳ ಒಳ್ಳೆಯದು. ಗೋಣಿಗಾದರೋ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ಬಂದಿದೆ. ಮೇಲೆ ಬಳೆ, ಬಳೆಗೆ ಕೊಕ್ಕೆ, ಗೋಣಿಯ ಬಾಯಿ ಸಿಕ್ಕಿಸಿದರೆ ಮುಗಿಯಿತು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಕೊಡುತ್ತಾರೆ. ಗಂಡಸರು ತುಂಬುವ ಚೀಲಕ್ಕೆ ಮೂರು ಕಾಲು ಬೇಕೆಂದು ತೋಟದಲ್ಲಿ ತಿಳಿದದ್ದು ಅಡುಗೆಮನೆಯ ತೊಟ್ಟೆಗೆ ಯಾಕೆ ಎರಡಕ್ಕೇ ನಿಂತಿತು?

ಈಗ ನಾನು ಮಾಡುವುದು ಇಷ್ಟು. ಹಳೆಯ ಹಿತ್ತಾಳೆ ಸೇರೊಂದಿದೆ, ಬಾಯಿ 11 ಸೆಂ.ಮೀ. ಅಡ್ಡಗಲ. ತೊಟ್ಟೆಯನ್ನು ಅದರೊಳಗೆ ಇಳಿಸಿ, ಬಾಯಿಯ ಮೂರು ಬೆರಳಷ್ಟು ಭಾಗವನ್ನು ಹೊರಕ್ಕೆ ಮಡಚಿ ಅಂಚಿನ ಮೇಲೆ ಎಳೆಯುತ್ತೇನೆ. ಅಂಚಿಗೆ ಮೊದಲು ಒದ್ದೆ ಬೆರಳು ಸವರಿದರೆ ಪ್ಲಾಸ್ಟಿಕ್ ಅಂಟಿಕೊಂಡು ಕೂರುತ್ತದೆ. ಬಾಯಿ ಪೂರಾ ಉರುಟು. ಜಿಪ್ಪಿನ ಗಾಡಿ ಮಡಿಕೆಯ ಹೊರಗೆ, ಕೆಳಮುಖವಾಗಿ ಅಡಗಿರುತ್ತದೆ. ಸೊಳೆಯಾಗಲಿ ಹುಡಿಯಾಗಲಿ ಅದನ್ನು ಮುಟ್ಟುವುದಿಲ್ಲ. ತುಂಬಿದ ಮೇಲೆ ಮಡಿಕೆ ಬಿಡಿಸಿ ಎತ್ತಿದರೆ ಗಾಡಿ ಹೊಸತರ ಹಾಗೆ ಒಣಗಿಯೇ ಇರುತ್ತದೆ. ಇದಕ್ಕಿಂತ ದೊಡ್ಡ ತೊಟ್ಟೆಗೆ ದೊಡ್ಡ ತಪಲೆ. ಹಪ್ಪಳಕ್ಕೆ ಮಾತ್ರ ಈ ಉಪಾಯ ಸಾಗದು, ಅದನ್ನು ಅಡ್ಡಡ್ಡ ಜಾರಿಸಿಯೇ ಹಾಕಬೇಕು.

ಮೊನ್ನೆ ಮಧ್ಯಾಹ್ನ ಸಾಂತಾಣಿ ತುಂಬಲು ಕೂತಿದ್ದೆ. ಮಗಳು ಪುಸ್ತಕ ಹಿಡಿದು ಜಗಲಿಯಲ್ಲಿದ್ದವಳು ಬಾಗಿಲ ಹತ್ತಿರ ಬಂದು, “ಅಮ್ಮಾ, ಬಾಯಿ ಹಿಡಿಯಬೇಕಾ?” ಎಂದಳು.

“ಬೇಡ, ಸೇರು ಹಿಡಿದಿದೆ” ಎಂದೆ. ಅವಳು ಓದಲು ಹೋದಳು.